ವ್ಯವಸಾಯದಲ್ಲಿ ಸಾಹಸದ ಅಳತೆ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಬರೆದುದು)

ಬಿತ್ತನೆಯೇ ಒಂದು ಸಾಹಸ. ಕಣಜದಲ್ಲಿಟ್ಟಿದ್ದರೆ ನಿಶ್ಚಯವಾಗಿ ಉಳಿಯತಕ್ಕ ಧಾನ್ಯವನ್ನು ರೈತನು ಮಣ್ಣಿಗೆ ಹಾಕಿ, ತನ್ನ ಅಧೀನದಲ್ಲಿಲ್ಲದ ಮಳೆಯನ್ನೂ ಇನ್ನೂ ನಿಗದಿಯಾಗದ ಪೇಟೆಯ ಧಾರಣೆಯನ್ನೂ ನಂಬಿ ತಿಂಗಳುಗಟ್ಟಲೆ ಕಾದಿರುತ್ತಾನೆ. ಆದುದರಿಂದ ರೈತನಾದವನು ಅಪಾಯಕ್ಕೆ ಕೈಹಾಕಕೂಡದೆಂದು ಉಪದೇಶಿಸುವುದು, ನೀರಿಗಿಳಿಯದೆ ಈಜಬೇಕೆಂದು ಹೇಳಿದಂತಾಗುವುದು. ಮನೆತನದ ಸಂಪತ್ತು ಬೆಳೆಯಬೇಕಾದರೆ ಹೊಸ ಬೀಜ, ಹೊಸ ಬೆಳೆ, ಹೊಸ ನೀರಿನ ಆಸರೆ ಇವುಗಳಲ್ಲಿ ಯಾವುದಕ್ಕಾದರೂ ಹಣವನ್ನು ತೊಡಗಿಸಲೇಬೇಕು. ನಾವು ಆಲೋಚಿಸತಕ್ಕದ್ದು ಆ ತೊಡಗಿಕೆಯ ಅಳತೆಯನ್ನು ಕುರಿತು.

ಒಂದೇ ಗ್ರಾಮದಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ, ಒಂದೇ ಮಳೆಯನ್ನು ಪಡೆದ ಎರಡು ಮನೆತನಗಳಲ್ಲಿ ಒಂದು ಮೇಲಕ್ಕೆ ಬರುವುದನ್ನೂ ಇನ್ನೊಂದು ಸಾಲದಲ್ಲಿ ಮುಳುಗುವುದನ್ನೂ ಓದುಗರೆಲ್ಲರೂ ಕಂಡಿರಬಹುದು. ಹಳ್ಳಿಗಳಲ್ಲಿ ಸಂಚರಿಸುತ್ತಾ ನಾನು ಗಮನಿಸಿದಂತೆ, ಇದಕ್ಕೆ ಕಾರಣವು ಬೆಳೆಯಲ್ಲಿ ಇರುವುದು ಕಡಮೆ. ಆ ಬೆಳೆಗೆ ಹೂಡಿದ ಪಾಲಿನಲ್ಲಿಯೂ, ಹೂಡುವಾಗ ಮನಸ್ಸು ಮಾಡಿದ ತಪ್ಪೆಣಿಕೆಯಲ್ಲಿಯೂ ಇರುವುದು ಹೆಚ್ಚು. ಈ ತಪ್ಪೆಣಿಕೆಗಳು ದಡ್ಡರಿಗೆ ಮಾತ್ರ ಸೇರಿದವೆಂದು ತಿಳಿಯಕೂಡದು. ಅವು ವಿದ್ಯಾವಂತರಲ್ಲಿಯೂ ಇರುತ್ತವೆ, ನನ್ನಲ್ಲಿಯೂ ಇದ್ದುವು. ಅವುಗಳಲ್ಲಿ ಮುಖ್ಯವಾದ ಮೂರನ್ನು ಮೊದಲು ವಿವರಿಸಿ, ಅನಂತರ ಪಾಲಿನ ಲೆಕ್ಕವನ್ನು ತೋರಿಸುವೆನು.

1. ಚಿಕ್ಕ ನಷ್ಟದ ದೊಡ್ಡ ಭಯ

ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಮನುಷ್ಯರು ಲಾಭನಷ್ಟಗಳನ್ನು ಹೇಗೆ ತೂಗುತ್ತಾರೆಂಬುದನ್ನು ಪರೀಕ್ಷಿಸಿ 1979ರಲ್ಲಿ ಒಂದು ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಈ ಬಗೆಯ ಕೆಲಸಕ್ಕಾಗಿ ಕಾನಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಟ್ವೆರ್ಸ್ಕಿಯವರು ಅಷ್ಟರಲ್ಲಿ ಕಾಲವಾಗಿದ್ದರು. ಅವರು ಕಂಡುಕೊಂಡ ಮುಖ್ಯ ಸಂಗತಿ ಇದು: ನೂರು ರೂಪಾಯಿ ಬಂದಾಗ ಆಗುವ ಸಂತೋಷಕ್ಕಿಂತ ನೂರು ರೂಪಾಯಿ ಹೋದಾಗ ಆಗುವ ದುಃಖವು ಸುಮಾರು ಎರಡರಷ್ಟು ಭಾರವಾಗಿರುತ್ತದೆ.

ಇದರ ಫಲವೇನೆಂದರೆ, ಕೈಯಿಂದ ಹೋಗುವ ಚಿಕ್ಕ ಖರ್ಚು ಕಣ್ಣಿಗೆ ಕಾಣುತ್ತದೆ. ಆ ಖರ್ಚನ್ನು ಮಾಡದೆ ತಪ್ಪಿಹೋಗುವ ದೊಡ್ಡ ಲಾಭವು ಕಾಣುವುದಿಲ್ಲ. ಮಲೆನಾಡಿನ ಅಡಿಕೆಯ ಕೊಳೆರೋಗವನ್ನೇ ನೋಡಿರಿ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ, 1910ರಲ್ಲಿ ಅದನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಅಂದಿನಿಂದ ಬೋರ್ಡೋ ದ್ರಾವಣವು ಇದಕ್ಕೆ ನಂಬಿಕೆಯ ಮದ್ದಾಗಿದೆ. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು. ಮುಂಗಾರು ಬಲವಾಗುವುದಕ್ಕೆ ಮೊದಲು ಒಂದು ಸಲ, ಸುಮಾರು ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಂದು ಸಲ, ಗೊನೆಯು ಚೆನ್ನಾಗಿ ನೆನೆಯುವಂತೆ ಸಿಂಪಡಿಸತಕ್ಕದ್ದು. ಇದು ಎಲ್ಲರಿಗೂ ತಿಳಿದಿರುವ ವಿಷಯ. ಆದರೂ “ಈ ವರ್ಷ ಮಳೆ ಅಷ್ಟು ಜೋರಾಗಿ ಬಾರದೆ ಇರಬಹುದು, ಕೂಲಿಯ ಖರ್ಚು ಉಳಿಯಿತು” ಎಂದು ಮೊದಲ ಸಿಂಪಡಣೆಯನ್ನು ಮುಂದೂಡತಕ್ಕವರು ವರ್ಷವರ್ಷವೂ ಸಿಕ್ಕುತ್ತಾರೆ. ಆಷಾಢದಲ್ಲಿ ಮಳೆ ಹಿಡಿದಮೇಲೆ ಮರ ಹತ್ತುವುದಕ್ಕೂ ಆಗುವುದಿಲ್ಲ, ಹೊಡೆದ ಮದ್ದು ನಿಲ್ಲುವುದೂ ಇಲ್ಲ. ಕಾಯಿಗಳು ಕೊಳೆತು ಬುಡದಲ್ಲಿ ಹಾಸಿಕೊಳ್ಳುತ್ತವೆ. ಇಂಥವರು ತಮ್ಮನ್ನು ಎಚ್ಚರಿಕೆಯವರೆಂದು ಭಾವಿಸಿರುತ್ತಾರೆ. ನಿಜವಾಗಿ ನೋಡಿದರೆ ಚಿಕ್ಕದೊಂದು ಖರ್ಚನ್ನು ಉಳಿಸಲು ಇಡೀ ಫಸಲನ್ನು ಪಣವಾಗಿ ಇಟ್ಟ ಜೂಜುಗಾರರು ಅವರೇ. ಏನನ್ನೂ ಮಾಡದಿರುವುದೂ ಒಂದು ತೀರ್ಮಾನವೇ. ಅದಕ್ಕೂ ಲೆಕ್ಕ ಹಾಕಬೇಕು.

2. ಗೆದ್ದವರು ಮಾತ್ರ ಕಣ್ಣಿಗೆ ಬೀಳುವುದು

ಇನ್ನು ಇದಕ್ಕೆ ವಿರುದ್ಧವಾದ ತಪ್ಪನ್ನು ಹೇಳುವೆನು. ಇದು ನನ್ನ ಸ್ವಂತ ಮನೆಯ ಸಂಗತಿ.

2000ನೆಯ ಇಸವಿಯಲ್ಲಿ, ವೆನಿಲ್ಲಾ ಬೆಳೆಯುವುದರಲ್ಲಿ ಲೋಕಕ್ಕೆ ಮೊದಲನೆಯದಾದ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತವು ಬಡಿದು ಅಲ್ಲಿಯ ತೋಟಗಳು ಹಾಳಾದುವು. ಸರಕು ಕಡಮೆಯಾದುದರಿಂದ ಧಾರಣೆಯು ಏರುತ್ತಾ ಹೋಯಿತು. 2003ರ ಸುಮಾರಿಗೆ ನಮ್ಮ ಮಲೆನಾಡು ಮತ್ತು ಕರಾವಳಿಯಲ್ಲಿ ಹಸಿ ಕಾಯಿಯ ಬೆಲೆ ಕಿಲೋಗ್ರಾಮಿಗೆ 3,000 ರೂಪಾಯಿಗಳನ್ನು ದಾಟಿತು. ಕಳ್ಳರ ಭಯದಿಂದ ತೋಟಗಳಿಗೆ ರಾತ್ರಿ ಕಾವಲು ಬಂದಿತು. ಕೆಲವು ಬುಡ ಬಳ್ಳಿಗಳನ್ನು ಮೊದಲೇ ನೆಟ್ಟಿದ್ದವರು ಹೊಸ ಮನೆ ಕಟ್ಟಿದರು. ಅವರ ಸುದ್ದಿಯು ಪ್ರತಿಯೊಂದು ಮದುವೆಯ ಮನೆಯಲ್ಲಿಯೂ ಮಾತಾಗಿತ್ತು.

ಆಗ ನಾನು ವ್ಯವಸಾಯ ಶಾಸ್ತ್ರವನ್ನು ಓದುತ್ತಿದ್ದೆನು. ರಜೆಗೆ ಊರಿಗೆ ಬಂದವನು, ನಮ್ಮ ಅಡಿಕೆಯ ತೋಟದಲ್ಲಿಯೂ ಅದರ ಪಕ್ಕದ ಗದ್ದೆಯಲ್ಲಿಯೂ ವೆನಿಲ್ಲಾ ಹಾಕಬೇಕೆಂದು ತಂದೆಯವರನ್ನು ಒತ್ತಾಯಪಡಿಸಿದೆನು. ಅವರು “ಮೊದಲು ನೂರು ಬಳ್ಳಿ ನೆಟ್ಟು ನೋಡೋಣ” ಎಂದರು. ನಾನು ಧಾರಣೆಯನ್ನು ಎಕರೆಯ ಇಳುವರಿಯಿಂದ ಗುಣಿಸಿ ಒಂದು ಹಾಳೆಯ ತುಂಬ ಲೆಕ್ಕ ಬರೆದು ತೋರಿಸಿದೆನು. ಓದಿದ ಮಗನ ಮಾತನ್ನು ಅವರು ಮೀರಲಿಲ್ಲ. ಗದ್ದೆಯನ್ನು ಮುಚ್ಚಿ, ಆಸರೆಯ ಗಿಡಗಳನ್ನು ನೆಟ್ಟು, ದುಬಾರಿ ಬೆಲೆಗೆ ಬಳ್ಳಿಯ ತುಂಡುಗಳನ್ನು ಕೊಂಡುದಾಯಿತು. ಅದಕ್ಕೆ ತೋಟದ ಮೇಲೆ ಸಾಲವನ್ನು ಎತ್ತಿದುದೂ ಆಯಿತು.

ವೆನಿಲ್ಲಾ ಬಳ್ಳಿಯು ಹೂ ಬಿಡುವುದು ಸುಮಾರು ಮೂರನೆಯ ವರ್ಷದಲ್ಲಿ. ಅದರ ಹೂವನ್ನು ಫಲಿಸತಕ್ಕ ಜೇನುಹುಳು ನಮ್ಮ ದೇಶದಲ್ಲಿ ಇಲ್ಲವಾದುದರಿಂದ ಒಂದೊಂದು ಹೂವನ್ನೂ ಬೆಳಗಿನ ಹೊತ್ತಿನಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಆಮೇಲೆ ಕಾಯಿ ಬಲಿಯುವುದಕ್ಕೆ ಒಂಬತ್ತು ಹತ್ತು ತಿಂಗಳು. ನಾವು ನೆಟ್ಟ ದಿನದಲ್ಲಿದ್ದ ಧಾರಣೆಗೂ ನಾವು ಮಾರತಕ್ಕ ದಿನದ ಧಾರಣೆಗೂ ನಡುವೆ ಹೀಗೆ ಮೂರು ನಾಲ್ಕು ವರ್ಷಗಳ ಅಂತರವಿತ್ತು. ಆ ಅಂತರದಲ್ಲಿ ಮಡಗಾಸ್ಕರಿನ ತೋಟಗಳು ಚೇತರಿಸಿಕೊಂಡುವು; ನಮ್ಮಂತೆಯೇ ಲೆಕ್ಕ ಹಾಕಿ ಬೇರೆ ದೇಶಗಳವರೂ ಬಳ್ಳಿ ನೆಟ್ಟಿದ್ದರು; ದೊಡ್ಡ ಕೊಳ್ಳುವವರು ದುಬಾರಿ ಕಾಯಿಯನ್ನು ಬಿಟ್ಟು ಕೃತಕ ವೆನಿಲಿನ್ನಿಗೆ ತಿರುಗಿದ್ದರು. ನಮ್ಮ ಬಳ್ಳಿ ಫಸಲು ಕೊಡುವ ಹೊತ್ತಿಗೆ ಸಾವಿರಗಳಲ್ಲಿದ್ದ ಧಾರಣೆಯು ನೂರರ ಆಸುಪಾಸಿಗೆ ಇಳಿದಿತ್ತು. ಬುಡಕೊಳೆ ರೋಗದಿಂದ ಅರ್ಧ ಬಳ್ಳಿಗಳು ಮೊದಲೇ ಹೋಗಿದ್ದುವು. ಆ ಸಾಲವನ್ನು ತೀರಿಸಲು ಅಡಿಕೆಯ ಏಳು ಫಸಲುಗಳ ಉಳಿತಾಯವೂ, ನನಗೆ ನೌಕರಿ ದೊರೆತ ಮೇಲೆ ನನ್ನ ಸಂಬಳದಲ್ಲಿ ಒಂದು ಪಾಲೂ ಹಿಡಿದುವು. ತಂದೆಯವರು ಈ ವಿಷಯವಾಗಿ ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಹಾಳೆಯ ಮೇಲಿನ ನನ್ನ ಲೆಕ್ಕವನ್ನು ಮಾತ್ರ ತಮ್ಮ ಖಾತೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದರು.

ನಾನು ಎಲ್ಲಿ ತಪ್ಪಿದೆನು? ಗುಣಾಕಾರವು ಸರಿಯಾಗಿಯೇ ಇತ್ತು. ಗೆದ್ದ ನಾಲ್ಕು ಮಂದಿಯನ್ನು ನೋಡಿ, ಗೆಲ್ಲದವರು ಎಷ್ಟು ಮಂದಿ ಎಂದು ಕೇಳದೆ ಹೋದುದು ಮೊದಲನೆಯ ತಪ್ಪು. ಗೆದ್ದವನು ಮಾತನಾಡುತ್ತಾನೆ; ಸೋತವನು ಮನೆಯೊಳಗೆ ಇರುತ್ತಾನೆ. ಇಂದಿನ ಬೆಲೆಯೇ ಮುಂದಿಗೂ ನಿಲ್ಲುವುದೆಂದು ನಂಬಿದುದು ಎರಡನೆಯ ತಪ್ಪು. ನನ್ನ ಕಣ್ಣಿಗೆ ಕಂಡ ಲಾಭವು ಸಾವಿರಾರು ಮಂದಿಯ ಕಣ್ಣಿಗೂ ಕಂಡಿರುವುದೆಂದೂ, ಎಲ್ಲರೂ ಕೂಡಿ ನೆಟ್ಟರೆ ಎಲ್ಲರ ಬೆಲೆಯೂ ಇಳಿಯುವುದೆಂದೂ ಯೋಚಿಸದೆ ಇದ್ದುದು ಮೂರನೆಯದು. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಮಿನ ಟೊಮೇಟೋ ಪೆಟ್ಟಿಗೆಯು 2,000 ರೂಪಾಯಿಗಳನ್ನು ಮೀರಿದುದೂ, ಹೊಸ ನಾಟಿಯ ಫಸಲು ಬಂದೊಡನೆ ಧಾರಣೆಯು ಕುಸಿದುದೂ ಇದೇ ಪಾಠವನ್ನು ಪುನಃ ಹೇಳಿದುವು.

3. ಹೋದ ಹಣದ ಹಿಂದೆ ಇದ್ದ ಹಣ

ಮೂರನೆಯ ತಪ್ಪೆಣಿಕೆಯು ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಚೆನ್ನಾಗಿ ಕಾಣುವುದು. ಮೊದಲನೆಯ ಬಾವಿ ಬತ್ತುತ್ತದೆ. ಎರಡನೆಯದನ್ನು ಇನ್ನೂ ಆಳಕ್ಕೆ ಕೊರೆಸುತ್ತಾರೆ. ಅದೂ ಧೂಳನ್ನೇ ಕೊಡುತ್ತದೆ. ಆಗ ಕೇಳಿಬರುವ ಮಾತುಗಳು ಎರಡು. “ಇಷ್ಟು ಖರ್ಚು ಮಾಡಿದಮೇಲೆ ಹೇಗೆ ಬಿಡುವುದು?” ಎಂಬುದು ಒಂದು. “ಎರಡು ಹೋದುವು, ಇನ್ನು ಮೂರನೆಯದಾದರೂ ಬರಲೇಬೇಕು” ಎಂಬುದು ಇನ್ನೊಂದು.

ಎರಡೂ ಪೊಳ್ಳು ವಾದಗಳು. ಭೂಮಿಯ ಕೆಳಗಿನ ಬಂಡೆಗೆ ನಾವು ಹಿಂದೆ ಎಷ್ಟು ಖರ್ಚು ಮಾಡಿದೆವೆಂಬುದು ತಿಳಿಯದು. ಎರಡು ಕಡೆ ನೀರು ಸಿಗದಿದ್ದರೆ ಮೂರನೆಯ ಕಡೆ ಸಿಗುವ ಸಂಭವವು ಹೆಚ್ಚುವುದಿಲ್ಲ. ಆ ಜಮೀನಿನಲ್ಲಿ ನೀರಿನ ಪದರವೇ ಇಳಿದುಹೋಗಿದೆ ಎಂಬ ಶಂಕೆಯು ಹೆಚ್ಚಬೇಕು. ಮೇಲೆ ಹೇಳಿದ ಮನಶ್ಶಾಸ್ತ್ರಜ್ಞರು ಇದನ್ನೂ ಗುರುತಿಸಿದ್ದರು: ಲಾಭದಲ್ಲಿದ್ದಾಗ ಚಿಕ್ಕ ಅಪಾಯಕ್ಕೂ ಹೆದರುವ ಮನುಷ್ಯನು, ನಷ್ಟದಲ್ಲಿ ಸಿಕ್ಕಿಬಿದ್ದಾಗ ಅದನ್ನು ಸರಿಗಟ್ಟಲು ಯಾವ ಅಪಾಯಕ್ಕಾದರೂ ಸಿದ್ಧನಾಗುತ್ತಾನೆ. ಹಗಲು ಕಂಡ ಬಾವಿಗೆ ಇರುಳು ಬಿದ್ದರೆಂಬ ಗಾದೆಯು ಇಂಥವರಿಗೆ ಸಲ್ಲುವುದು.

ಹೀಗಿರುವಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆ ಒಂದೇ: “ಹಿಂದೆ ಒಂದು ಕಾಸೂ ಖರ್ಚಾಗದೆ, ಈ ಹಣವು ಈಗಲೇ ಕೈಗೆ ಬಂದುದಾಗಿದ್ದರೆ, ಇದನ್ನು ಇಲ್ಲಿ ಕೊರೆಸುವುದಕ್ಕೆ ಹಾಕುತ್ತಿದ್ದೆನೆ? ಅಥವಾ ಕೃಷಿಹೊಂಡಕ್ಕೋ, ಬದುವಿಗೋ, ಎರಡು ಹಸುಗಳಿಗೋ ಹಾಕುತ್ತಿದ್ದೆನೆ?” ತೆಂಗಿನಕಾಯಿಯನ್ನೋ ಕವೆಗೋಲನ್ನೋ ಹಿಡಿದು ನೀರು ತೋರಿಸುವವರ ವಿಷಯದಲ್ಲಿಯೂ ಒಂದು ಮಾತು. ಅವರು ನೀರು ಬಂದ ಬಾವಿಗಳನ್ನು ಹೆಸರಿಸುತ್ತಾರೆ. ತೋರಿಸಿದ ಬಾವಿಗಳ ಪೂರ್ಣ ಪಟ್ಟಿಯನ್ನು ಕೇಳಿರಿ, ಬಾರದವುಗಳನ್ನೂ ಎಣಿಸಿರಿ.

4. ಎಷ್ಟು ಪಾಲು ಹೂಡತಕ್ಕದ್ದು

ಇನ್ನು ಅಳತೆಯ ಲೆಕ್ಕಕ್ಕೆ ಬರೋಣ. ಇದನ್ನು ಓದುಗರು ಪೆನ್ಸಿಲು ಹಿಡಿದು ತಾವೇ ಮಾಡಿ ನೋಡಬೇಕೆಂದು ಕೋರುವೆನು.

ಒಂದು ಹೊಸ ಬೆಳೆ ಇದೆಯೆಂದು ಭಾವಿಸೋಣ. ಒಳ್ಳೆಯ ವರ್ಷದಲ್ಲಿ ಅದಕ್ಕೆ ಹಾಕಿದ ಒಂದು ರೂಪಾಯಿಯು ಎರಡೂವರೆ ರೂಪಾಯಿಯಾಗಿ ಹಿಂದಕ್ಕೆ ಬರುವುದು. ಕೆಟ್ಟ ವರ್ಷದಲ್ಲಿ ಹಾಕಿದುದೆಲ್ಲಾ ಹೋಗುವುದು. ಒಳ್ಳೆಯ ವರ್ಷವೂ ಕೆಟ್ಟ ವರ್ಷವೂ ಸಮಸಮವಾಗಿ ಬರುವುವು. ಸರಾಸರಿಯ ಮೇಲೆ ನೋಡಿದರೆ ಒಂದು ರೂಪಾಯಿಗೆ ಒಂದೂಕಾಲು ರೂಪಾಯಿ. ಆದುದರಿಂದ ಇದು ನಿಸ್ಸಂದೇಹವಾಗಿ ಲಾಭದ ಬೆಳೆ. ಮೂರು ಮಂದಿ ರೈತರ ಕೈಯಲ್ಲಿ ತಲಾ 1,00,000 ರೂಪಾಯಿಗಳಿವೆ.

ಮೊದಲನೆಯವನು ಪ್ರತಿವರ್ಷವೂ ಇದ್ದುದೆಲ್ಲವನ್ನೂ ಈ ಬೆಳೆಗೆ ಹಾಕುತ್ತಾನೆ. ಮೊದಲನೆಯ ಕೆಟ್ಟ ವರ್ಷದಲ್ಲಿಯೇ ಅವನ ಕಥೆ ಮುಗಿಯುವುದು. ಆಮೇಲೆ ಎಷ್ಟು ಒಳ್ಳೆಯ ವರ್ಷಗಳು ಬಂದರೂ ಬಿತ್ತಲು ಅವನಲ್ಲಿ ಕಾಳಿಲ್ಲ.

ಎರಡನೆಯವನು ಇದ್ದುದರಲ್ಲಿ ಅರ್ಧವನ್ನು ಹಾಕುತ್ತಾನೆ. ಒಳ್ಳೆಯ ವರ್ಷದಲ್ಲಿ ಅವನ ಲಕ್ಷವು 1,75,000 ರೂಪಾಯಿಗಳಾಗುವುದು. ಮರುವರ್ಷ ಕೆಟ್ಟರೆ ಅದರಲ್ಲಿ ಅರ್ಧವು ಹೋಗಿ 87,500 ರೂಪಾಯಿಗಳು ಉಳಿಯುವುವು. ಒಂದು ಗೆಲುವು ಒಂದು ಸೋಲಿನ ಮೇಲೆ ಅವನು ಮೊದಲಿಗಿಂತ ಬಡವನು. ಐದು ಒಳ್ಳೆಯ ವರ್ಷಗಳೂ ಐದು ಕೆಟ್ಟ ವರ್ಷಗಳೂ ಸೇರಿ ಹತ್ತು ವರ್ಷಗಳು ಕಳೆದಾಗ ಅವನಲ್ಲಿ ಉಳಿಯುವುದು ಸುಮಾರು 51,300 ರೂಪಾಯಿಗಳು ಮಾತ್ರ.

ಮೂರನೆಯವನು ಐದರಲ್ಲಿ ಒಂದು ಪಾಲನ್ನು ಹಾಕಿ, ಉಳಿದುದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಒಳ್ಳೆಯ ವರ್ಷದಲ್ಲಿ 1,30,000; ಮರುವರ್ಷ ಕೆಟ್ಟರೆ 1,04,000. ಅದೇ ಹತ್ತು ವರ್ಷಗಳ ಕೊನೆಗೆ ಅವನಲ್ಲಿ ಸುಮಾರು 1,21,700 ರೂಪಾಯಿಗಳು ಇರುವುವು. ಒಳ್ಳೆಯ ವರ್ಷಗಳು ಮೊದಲು ಬಂದರೂ ಕೊನೆಗೆ ಬಂದರೂ ಮೊತ್ತವು ಬದಲಾಗುವುದಿಲ್ಲ.

ಬೆಳೆಯು ಒಂದೇ, ಮಳೆಯು ಒಂದೇ, ಧಾರಣೆಯು ಒಂದೇ. ಒಬ್ಬನು ನಿರ್ಗತಿಕನಾದನು, ಒಬ್ಬನ ಗಂಟು ಅರ್ಧವಾಯಿತು, ಒಬ್ಬನ ಗಂಟು ಬೆಳೆಯಿತು. ಲಾಭದ ಬೆಳೆಯಲ್ಲಿಯೂ ಹೂಡಿಕೆಯ ಪಾಲು ಮಿತಿಮೀರಿದರೆ ಮನೆಯು ಕೆಡುವುದೆಂಬುದನ್ನು ಈ ಲೆಕ್ಕವು ಸ್ಪಷ್ಟಪಡಿಸುವುದು. ಇಲ್ಲಿ ಸಾಲದ ಮಾತನ್ನು ನಾನು ಎತ್ತಿಯೇ ಇಲ್ಲ. ಸಾಲದ ಹಣವನ್ನು ಹೂಡಿದರೆ ಕೆಟ್ಟ ವರ್ಷದಲ್ಲಿ ಸೊನ್ನೆಗೆ ನಿಲ್ಲುವುದಿಲ್ಲ. ಸೊನ್ನೆಯ ಕೆಳಕ್ಕೆ ಇಳಿಯುವುದು.

5. ಹಿರಿಯರು ಕಂಡುಕೊಂಡ ಉಪಾಯ

ಈ ತತ್ತ್ವವು ನಮ್ಮವರಿಗೆ ಹೊಸದಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲುಗಳನ್ನು ಇಟ್ಟವರು ಇದನ್ನು ಚೆನ್ನಾಗಿ ಬಲ್ಲವರು. ಮಳೆ ಬೇಗನೆ ನಿಂತರೆ ಒಂದು ಕೈಕೊಡುವುದು, ತಡವಾಗಿ ಬಂದರೆ ಇನ್ನೊಂದು ಹಿಡಿಯುವುದು. ರಾಗಿಯು ಕಟಾವಾದ ಮೇಲೆಯೂ ಅವರೆಯು ಮಂಜಿನಲ್ಲಿ ಹೂ ಬಿಡುವುದು. ಎಲ್ಲವೂ ಒಂದೇ ದಿನ ಹಾಳಾಗದಂತೆ ಮಾಡಿದ ಏರ್ಪಾಡು ಅದು. ಆದರೆ ಐದು ಬೆಳೆಗಳನ್ನು ಇಟ್ಟರೂ ಐದಕ್ಕೂ ಒಂದೇ ಕೊಳವೆಬಾವಿಯ ನೀರನ್ನೇ ನಂಬಿದ್ದರೆ, ಅದು ಐದು ಬೆಳೆಯಲ್ಲ, ಒಂದೇ ಬೆಳೆ ಎಂದು ತಿಳಿಯತಕ್ಕದ್ದು.

ಅಪಾಯವನ್ನು ಹಂಚಿಕೊಳ್ಳುವ ಇನ್ನೊಂದು ಉಪಾಯವು ವಿಮೆ. ಮಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡು ರೈತರಿಗೆ ಪರಿಹಾರ ಕೊಡತಕ್ಕ ವಿಮೆಯ ಯೋಜನೆಯನ್ನು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿಯೇ ಪುಸ್ತಕರೂಪವಾಗಿ ಪ್ರಕಟಿಸಿದ್ದರು. ಇಂದು ಅಡಿಕೆ, ಕಾಳುಮೆಣಸು ಮುಂತಾದುವುಗಳಿಗಿರುವ ಹವಾಮಾನ ಆಧಾರಿತ ವಿಮೆಯು ಅದೇ ಜಾಡಿನದು. 2016ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನು ತೆರತಕ್ಕ ಕಂತು ವಿಮಾ ಮೊತ್ತದ ಮೇಲೆ, ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ಶೇಕಡ 2, ಹಿಂಗಾರಿನವುಗಳಿಗೆ ಶೇಕಡ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇಕಡ 5ರಷ್ಟು ಮಾತ್ರ. “ಹೋದ ವರ್ಷ ಕಟ್ಟಿದ ಕಂತು ದಂಡವಾಯಿತು” ಎನ್ನುವವರು, ಮನೆಗೆ ಬೀಗ ಹಾಕಿದ ರಾತ್ರಿ ಕಳ್ಳನು ಬಾರದಿದ್ದರೆ ಬೀಗದ ಹಣವು ದಂಡವಾಯಿತೆಂದು ಹೇಳುವರೇ?

6. ಆಚರಣೆಗೆ ತರತಕ್ಕ ಕ್ರಮ

(1) ಮೊದಲು ಮನೆಯ ಒಂದು ವರ್ಷದ ಗ್ರಾಸ, ಬಿತ್ತನೆ ಬೀಜ, ದನಗಳ ಮೇವು, ಸಾಲದ ಕಂತು ಇವುಗಳನ್ನು ಬೇರೆಯಾಗಿ ತೆಗೆದಿಡಬೇಕು. ಇವುಗಳಿಂದ ಹೊಸ ಸಾಹಸಕ್ಕೆ ಒಂದು ಕಾಸನ್ನೂ ತೆಗೆಯಕೂಡದು.

(2) ಉಳಿದುದರಲ್ಲಿ ಐದನೆಯ ಒಂದು ಪಾಲಿಗೆ ಮೀರದಂತೆ ಹೊಸದಕ್ಕೆ ಹೂಡಬೇಕು. ಪೂರ್ತಿ ಹೋದರೂ ಮುಂದಿನ ವರ್ಷ ಬಿತ್ತಲು ಸಾಧ್ಯವಾಗುವಷ್ಟೇ ಹೂಡತಕ್ಕದ್ದೆಂಬುದು ಇದರ ಸಾರ.

(3) ಹೊಸ ತಳಿಯನ್ನಾಗಲಿ ಗೊಬ್ಬರವನ್ನಾಗಲಿ ಮೊದಲು ಎರಡು ಗುಂಟೆಯ ತಾಕಿನಲ್ಲಿ ಪರೀಕ್ಷಿಸಬೇಕು. ಅದರ ಪಕ್ಕದಲ್ಲಿಯೇ ಅದೇ ದಿನ ಹಳೆಯ ತಳಿಯನ್ನು ಎರಡು ಗುಂಟೆಯಲ್ಲಿ ಬಿತ್ತಬೇಕು. ಎರಡನ್ನೂ ಬೇರೆಬೇರೆಯಾಗಿ ಕೊಯ್ದು ತೂಗಬೇಕು. ಬಂದ ತೂಕವನ್ನು ಇಪ್ಪತ್ತರಿಂದ ಗುಣಿಸಿದರೆ ಎಕರೆಯ ಇಳುವರಿ ತಿಳಿಯುವುದು. ಕಣ್ಣಂದಾಜನ್ನು ನಂಬಕೂಡದು; ಹೊಸದರ ಮೇಲೆ ಪ್ರೀತಿಯುಳ್ಳ ಕಣ್ಣು ಹೊಸದನ್ನೇ ದೊಡ್ಡದಾಗಿ ಕಾಣುವುದು. ಒಂದು ವರ್ಷದ ಮಳೆಯನ್ನು ನೋಡಿ ತೀರ್ಮಾನಿಸದೆ ಎರಡು ಮೂರು ವರ್ಷ ನೋಡಿದರೆ ಉತ್ತಮ.

(4) ಹಣ ಹೂಡುವುದಕ್ಕೆ ಮೊದಲೇ ಮೂರು ಸಂಗತಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು: ಏತಕ್ಕಾಗಿ ಹೂಡುತ್ತಿದ್ದೇನೆ, ಎಷ್ಟು ಬರುವುದೆಂದು ಎಣಿಸಿದ್ದೇನೆ, ಎಷ್ಟು ನಷ್ಟವಾದರೆ ನಿಲ್ಲಿಸುತ್ತೇನೆ. ಕೊರೆಸುವ ಯಂತ್ರವು ಹೊಲದಲ್ಲಿ ನಿಂತಮೇಲೆ ಎಷ್ಟು ಅಡಿಗೆ ನಿಲ್ಲಿಸಬೇಕೆಂದು ಆಲೋಚಿಸಿದರೆ ಆಗದು. ಅಂಕೆಯು ಹಿಂದಿನ ದಿನವೇ ಬರೆದಿರಬೇಕು.

(5) ಬಹುವಾರ್ಷಿಕ ಬೆಳೆಗಳ ಲೆಕ್ಕವನ್ನು ಇಂದಿನ ಧಾರಣೆಯಿಂದ ಮಾಡದೆ, ಹಿಂದಿನ ಹತ್ತು ವರ್ಷಗಳಲ್ಲಿ ಕಂಡ ಅತಿ ಕಡಮೆ ಧಾರಣೆಯಿಂದ ಮಾಡಿ ನೋಡಬೇಕು. ಆಗಲೂ ಸಾಲದ ಕಂತು ಹೊರಡುವಂತಿದ್ದರೆ ಮುಂದುವರಿಯಬಹುದು.

(6) ವರ್ಷದ ಕೊನೆಗೆ ಬರೆದುದನ್ನೂ ಆದುದನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಫಲವು ತಿಳಿದಮೇಲೆ “ಹೀಗಾಗುವುದೆಂದು ನನಗೆ ಮೊದಲೇ ಗೊತ್ತಿತ್ತು” ಎಂದು ಮನಸ್ಸು ಹೇಳುವುದು ಸಹಜ. ಪುಸ್ತಕವು ಹಾಗೆ ಹೇಳುವುದಿಲ್ಲ.

7. ಮುಖಂಡರ ಹೊಣೆ

ಗ್ರಾಮದ ಮುಖಂಡರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಇಲಾಖೆಯ ಕರಪತ್ರವನ್ನು ಓದಿ ಬೆಳೆಯನ್ನು ಬದಲಾಯಿಸುವ ರೈತರು ಕೆಲವರು. ದೊಡ್ಡ ಜಮೀನಿನವರು ಏನು ಬಿತ್ತಿದರೆಂದು ನೋಡಿ ಬದಲಾಯಿಸುವವರು ಅನೇಕರು. ಹತ್ತು ಎಕರೆಯುಳ್ಳವನು ಎರಡು ಎಕರೆಯನ್ನು ಹೊಸ ಬೆಳೆಗೆ ಬಿಟ್ಟು ಸೋತರೆ ಎಂಟು ಎಕರೆಯು ಅವನನ್ನು ಕಾಪಾಡುವುದು. ಅವನನ್ನು ನೋಡಿ ತನಗಿರುವ ಎರಡೇ ಎಕರೆಯನ್ನೂ ಅದಕ್ಕೆ ಬಿಟ್ಟವನನ್ನು ಕಾಪಾಡುವವರು ಯಾರೂ ಇಲ್ಲ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಹೂಡಿದುದು ಎರಡು ಎಕರೆಯೇ. ಪಾಲಿನ ಭೇದವು ಕಾಣುವುದಿಲ್ಲ.

ಆದುದರಿಂದ ಹೊಸದನ್ನು ಮಾಡತಕ್ಕ ಮುಖಂಡರು ತಾವು ಹೂಡಿದ ಪಾಲನ್ನೂ, ಗೆಲುವಿನಂತೆಯೇ ಸೋಲನ್ನೂ ಊರವರಿಗೆ ಮರೆಮಾಚದೆ ತಿಳಿಸಬೇಕು. ಗೆದ್ದ ಹೊಲಕ್ಕೆ ಜನರನ್ನು ಕರೆದು ತೋರಿಸುವಂತೆ ಸೋತ ತಾಕನ್ನೂ ತೋರಿಸುವ ಮುಖಂಡನು, ತನ್ನ ನಷ್ಟದ ಖರ್ಚಿನಲ್ಲಿ ಇಡೀ ಗ್ರಾಮಕ್ಕೆ ಪಾಠವನ್ನು ಕಲಿಸಿದವನಾಗುತ್ತಾನೆ. ನಾನು ಸಂಚಾರದಲ್ಲಿ ಹೊಸ ಬೆಳೆಯನ್ನು ಸೂಚಿಸುವಾಗಲೆಲ್ಲ ನಮ್ಮ ವೆನಿಲ್ಲಾದ ಲೆಕ್ಕದ ಹಾಳೆಯನ್ನು ರೈತರಿಗೆ ತೋರಿಸುತ್ತೇನೆ. ಆಮೇಲೆ ತಂದೆಯವರು ಹೇಳಿದ ಮಾತನ್ನೇ ಹೇಳುತ್ತೇನೆ: ಮೊದಲು ನೂರು ಬಳ್ಳಿ ನೆಟ್ಟು ನೋಡಿರಿ.